ದಿನ ಬಿಟ್ಟು ದಿನ ಅರ್ಧ

ತೆಳು ಸಿಸ್ಟರ್ ತೆಳ್ಳಗಿರಲಿಲ್ಲ. ಅವಳು ಬಾಗಿಲಿಗೆ ಅಡ್ಡ ನಿಂತರೆ ಒಳಗೊಂದು ಕೋಣೆ ಇದೆ ಎನ್ನುವುದೇ ಹೊರಗಿದ್ದವರಿಗೆ ತಿಳಿಯುತ್ತಿರಲಿಲ್ಲ. ಆ ಹೆಸರು ಮೈಯಿಂದ ಬಂದದ್ದಲ್ಲ, ಕೆಲಸದಿಂದ ಬಂದದ್ದು. ಹೃದಯಕ್ಕೆಂದೇ ಕಟ್ಟಿದ ಆ ದೊಡ್ಡ ಆಸ್ಪತ್ರೆಯ ನೆಲಮಹಡಿಯಲ್ಲಿ, ಎಕ್ಸ್‌ರೇ ಕೋಣೆ ದಾಟಿ ಬಲಕ್ಕೆ ತಿರುಗಿದರೆ ಹನ್ನೊಂದನೇ ನಂಬರಿನ ಕೋಣೆ. ಅಲ್ಲಿ ಹತ್ತೊಂಬತ್ತು ವರ್ಷದಿಂದ ಅವಳದೇ ದರ್ಬಾರು. ಕೆಟ್ಟ ಕವಾಟ ತೆಗೆಸಿ ಎದೆಯೊಳಗೆ ಲೋಹದ ಕವಾಟ ಕೂರಿಸಿಕೊಂಡವರು ಬದುಕಿರುವಷ್ಟು ದಿನ ರಕ್ತ ತೆಳುವಾಗಿಸುವ ಮಾತ್ರೆ ನುಂಗಬೇಕು. ಹೆಚ್ಚಾದರೆ ವಸಡಿನಲ್ಲಿ, ಮೂಗಿನಲ್ಲಿ ರಕ್ತ ಒಸರುತ್ತದೆ. ಕಡಿಮೆಯಾದರೆ ಆ ಕವಾಟದ ಮೇಲೇ ರಕ್ತ ಹೆಪ್ಪುಗಟ್ಟಿ ಕೂತುಬಿಡುತ್ತದೆ. ಎರಡರ ನಡುವಿನ ಇಕ್ಕಟ್ಟು ದಾರಿಯಲ್ಲಿ ಸಾವಿರದ ಮೇಲೆ ಜನರನ್ನು ನಡೆಸುವುದು ಅವಳ ಕೆಲಸವಾಗಿತ್ತು.

ಬೆಳಿಗ್ಗೆ ಬಂದವರು ರಕ್ತ ಕೊಟ್ಟು ಹೋಗುತ್ತಾರೆ. ಮಧ್ಯಾಹ್ನ ಎರಡಕ್ಕೆ ಲ್ಯಾಬಿನಿಂದ, ರಕ್ತ ಎಷ್ಟು ತೆಳುವಾಗಿದೆ ಎನ್ನುವ ನಂಬರು ಬರುತ್ತದೆ. ಆ ನಂಬರು ಎರಡೂವರೆಯಿಂದ ಮೂರೂವರೆಯ ಒಳಗಿದ್ದರೆ ಕ್ಷೇಮ. ಡಾಕ್ಟರು ಪಟ್ಟಿ ನೋಡಿ ಮಾತ್ರೆ ಏರಿಸುತ್ತಾರೆ, ಇಳಿಸುತ್ತಾರೆ. ಅದನ್ನು ಮನೆಮನೆಗೆ ಫೋನ್ ಮಾಡಿ ತಿಳಿಸುವವಳು ಇವಳು. ದಿನಕ್ಕೆ ಅರವತ್ತು, ಎಪ್ಪತ್ತು ಫೋನು. ಒಬ್ಬೊಬ್ಬರ ಸುಖದುಃಖ ಕೇಳುತ್ತ ಕೂತರೆ ಆದೀತೇ? "ನಂಬರ್ ನಾಲ್ಕು. ಜಾಸ್ತಿ. ನಾಳೆ ಮಾತ್ರೆ ಬೇಡ. ನಾಡಿದ್ದಿಂದ ಮುಕ್ಕಾಲು. ಹದಿನೈದು ದಿನಕ್ಕೆ ಬನ್ನಿ. ಇಡ್ತೀನಿ." ಇಷ್ಟೇ. "ಅಲ್ಲಾ ಸಿಸ್ಟರ್..." ಎಂದು ಯಾರಾದರೂ ರಾಗ ಎಳೆದರೋ, ಅವರ ಕಥೆ ಮುಗಿಯಿತು. "ಕಿವಿಗೆ ಹತ್ತಿ ಇಟ್ಕೊಂಡಿದ್ದೀರಾ? ಆಡಿದ್ದನ್ನೇ ಆಡೋಕೆ ನಾನೇನು ಗಿಣೀನಾ?" ಅವಳ ಸೂಜಿ ಚುಚ್ಚಿದ್ದು ಗೊತ್ತೇ ಆಗುವುದಿಲ್ಲ, ಮಾತು ಚುಚ್ಚಿದ್ದು ಮಾತ್ರ ವಾರಗಟ್ಟಲೆ ಉರಿಯುತ್ತದೆ ಎಂದು ಬೆಂಚಿನ ಮೇಲೆ ಕೂತ ಹಳಬರು ಹೊಸಬರಿಗೆ ಹೇಳಿಕೊಡುತ್ತಿದ್ದರು. ಅದು ಕಿವಿಗೆ ಬಿದ್ದರೆ ಅವಳು ನಗುತ್ತಿದ್ದಳು. ಬೈದರೂ ಬದುಕಿಸುತ್ತೇನಲ್ಲ, ಇನ್ನೇನು ಬೇಕು ಇವರಿಗೆ, ಎಂಬುದು ಅವಳ ಲೆಕ್ಕ.

ಆ ಮಂಗಳವಾರ ಹನ್ನೊಂದರ ಸುಮಾರಿಗೆ ಬಡಗಿಯ ಹೆಂಡತಿ ಟೋಕನ್ನೂ ಇಲ್ಲದೆ, ಸಾಲನ್ನೂ ಲೆಕ್ಕಿಸದೆ ಒಳಗೆ ನುಗ್ಗಿದಳು. ಗಂಡ ಮಾಡಿದ ಕುರ್ಚಿ ಮೇಜುಗಳಿಗೆ ಪಾಲಿಶ್ ಹಚ್ಚುವವಳು ಅವಳು. ಬೆರಳ ತುದಿಗಳು ಯಾವಾಗಲೂ ಕಂದು. ನಾಲ್ಕು ವರ್ಷದಿಂದ ಗಂಡನ ಮಾತ್ರೆ, ತಾರೀಕು, ರಕ್ತಪರೀಕ್ಷೆ ಎಲ್ಲ ಅವಳದೇ ಉಸ್ತುವಾರಿ.

"ಸಾಲು ಕಾಣಿಸ್ಲಿಲ್ವೇನಮ್ಮ? ಅವರೆಲ್ಲ ಏನು ಗೋಡೆ ನೋಡೋಕೆ ಬಂದು ಕೂತಿದ್ದಾರಾ?" ಎಂದಳು ತೆಳು ಸಿಸ್ಟರ್.

"ಅಕ್ಕ, ಇವರ ಎದೆ ಸದ್ದು ಕಮ್ಮಿ ಆಗಿದೆ."

"ಏನು?"

"ಸದ್ದು ಅಕ್ಕ. ಟಿಕ್ ಟಿಕ್ ಅಂತಿತ್ತಲ್ಲ. ಪಕ್ಕದಲ್ಲಿ ಮಲಗಿದ್ರೆ ನನಗೆ ಕೇಳಿಸ್ತಿತ್ತು. ನಾಲ್ಕು ದಿನದಿಂದ ಕೇಳಿಸ್ತಾ ಇಲ್ಲ. ಎದೆಗೆ ಕಿವಿ ಇಟ್ರೂ ಬಟ್ಟೆ ಸುತ್ತಿದ ಹಾಗೆ ಬರ್ತಿದೆ."

ಬೇರೆ ಯಾರಾದರೂ ಆಗಿದ್ದರೆ ನಕ್ಕು ಕಳಿಸುತ್ತಿದ್ದರು. ತೆಳು ಸಿಸ್ಟರ್ ನಗಲಿಲ್ಲ, ಅವಳಿಗೆ ಆ ಸದ್ದಿನ ಬೆಲೆ ಗೊತ್ತಿತ್ತು. ಲೋಹದ ಕವಾಟ ಮುಚ್ಚಿಕೊಳ್ಳುವಾಗ ಸಣ್ಣದಾಗಿ ಕಟಕಟ ಎನ್ನುತ್ತದೆ. ಎಷ್ಟೋ ಮನೆಗಳಲ್ಲಿ ಅದಕ್ಕೆ ಒಗ್ಗಿಕೊಳ್ಳಲು ತಿಂಗಳು ಹಿಡಿಯುತ್ತದೆ. ಈ ಬಡಗಿಯಂತೂ ಬಂದಾಗಲೆಲ್ಲ ಅದರ ಮೇಲೆ ಒಂದು ನಗೆಮಾತು ಬಿಡುತ್ತಿದ್ದ. "ಕಳ್ಳತನ ಒಂದು ಬಿಟ್ಟು ಯಾವ ಕಸುಬು ಬೇಕಾದ್ರೂ ಮಾಡಬಹುದು ನಾನು. ಬಚ್ಚಿಟ್ಕೊಂಡ್ರೆ ಎದೆನೇ ಹಿಡ್ಕೊಡತ್ತೆ."

ಇವತ್ತು ಅವನು ಹೊರಗೆ ಬೆಂಚಿನ ಮೇಲೆ ಗೋಡೆಗೆ ಆತು ಕೂತಿದ್ದ. ತುಟಿಯ ಬಣ್ಣ ಸರಿಯಿರಲಿಲ್ಲ. "ಮೆಟ್ಟಿಲು ನಾಲ್ಕೇ ಹತ್ತಿದ್ದು ಸಿಸ್ಟರ್. ನಾಲ್ಕು ಮಹಡಿ ಹತ್ತಿದ ಹಾಗಾಯ್ತು," ಎಂದು ನಗಲು ನೋಡಿದ. ನಗು ಅರ್ಧಕ್ಕೇ ಉಸಿರು ಸಾಲದೆ ನಿಂತಿತು.

ಅವಳು ಸ್ಟೆಥಾಸ್ಕೋಪು ಇಟ್ಟು ಕೇಳಿದಳು. ಜಾಗ ಬದಲಿಸಿ ಮತ್ತೆ ಕೇಳಿದಳು. ಸಾವಿರ ಎದೆ ಕೇಳಿದ ಕಿವಿ ಅದು. ಮೋಸ ಹೋಗಲು ಸಾಧ್ಯವೇ ಇರಲಿಲ್ಲ. ಕಟ್ ಎನ್ನಬೇಕಾದದ್ದು ಥಪ್ ಎನ್ನುತ್ತಿತ್ತು. ಅವಸರಕ್ಕೆಂದು ಇಟ್ಟಿದ್ದ ಪುಟ್ಟ ಯಂತ್ರ ತಂದು ಬೆರಳು ಚುಚ್ಚಿ ಒಂದು ಹನಿ ಹಾಕಿದಳು. ನಂಬರು ಬಂತು: ಒಂದು ಪಾಯಿಂಟ್ ಎರಡು. ಮಾತ್ರೆಯನ್ನೇ ಮುಟ್ಟದವನ ನಂಬರು ಅದು.

"ಮಾತ್ರೆ ನಿಲ್ಲಿಸಿಬಿಟ್ರಾ?"

"ಅಯ್ಯೋ, ಇಲ್ಲಕ್ಕ! ಒಂದು ದಿನಾನೂ ತಪ್ಪಿಸಿಲ್ಲ." ಬಡಗಿಯ ಹೆಂಡತಿ ಚೀಲದಿಂದ ಗೋಡೆಯ ಕ್ಯಾಲೆಂಡರನ್ನೇ ಸುತ್ತಿ ತಂದಿದ್ದಳು. ಬಿಚ್ಚಿ ಮೇಜಿನ ಮೇಲೆ ಹರಡಿದಳು. ಪ್ರತಿ ತಾರೀಕಿನ ಮನೆಯಲ್ಲೂ ಪೆನ್ಸಿಲಿನ ಗುರುತು. ಸೋಮವಾರ ಅರ್ಧಚಂದ್ರ. ಮಂಗಳವಾರ ಸೊನ್ನೆ. ಬುಧವಾರ ಅರ್ಧಚಂದ್ರ. ಗುರುವಾರ ಸೊನ್ನೆ. ಇಪ್ಪತ್ತೈದು ದಿನ, ಗೆರೆ ತಪ್ಪದೆ ಹಾಗೇ ನಡೆದಿತ್ತು.

"ನೀವು ಹೇಳಿದ ಹಾಗೇನೇ ಅಕ್ಕ. ದಿನ ಬಿಟ್ಟು ದಿನ ಅರ್ಧ."

ತೆಳು ಸಿಸ್ಟರ್ ಆ ಕ್ಯಾಲೆಂಡರನ್ನು ನೋಡುತ್ತ ನಿಂತಳು. ಮೂರೂವರೆ ವಾರದ ಹಿಂದೆ ವಸಡಿನಲ್ಲಿ ರಕ್ತ ಬರುತ್ತಿದೆ ಎಂದು ಬಂದಿದ್ದ ಈ ಬಡಗಿಯ ನಂಬರು ಅವತ್ತು ನಾಲ್ಕೂವರೆ ದಾಟಿತ್ತು. ದಿನಾ ಒಂದು ಮಾತ್ರೆ ನುಂಗುತ್ತಿದ್ದವನಿಗೆ ಡಾಕ್ಟರು ಸ್ವಲ್ಪ ಇಳಿಸಿದ್ದರು: ಒಂದು ದಿನ ಪೂರ್ತಿ, ಮರುದಿನ ಅರ್ಧ, ಮತ್ತೆ ಪೂರ್ತಿ, ಮತ್ತೆ ಅರ್ಧ. ಅದನ್ನೇ ಅವಳು ಫೋನಿನಲ್ಲಿ ಚುಟುಕಾಗಿ ಹೇಳಿದ್ದಳು. ದಿನ ಬಿಟ್ಟು ದಿನ ಅರ್ಧ. ಉಳಿದ ದಿನ ಯಾವಾಗಿನ ಹಾಗೆ ಪೂರ್ತಿ ಎನ್ನುವುದು ಹೇಳಬೇಕಾದ ಮಾತೇ ಅಲ್ಲ ಎಂದು ಹತ್ತೊಂಬತ್ತು ವರ್ಷದಿಂದ ಅಂದುಕೊಂಡಿದ್ದಳು. ಬಡಗಿಯ ಹೆಂಡತಿಗೆ ಕೇಳಿಸಿದ್ದು ಬೇರೆ. ಒಂದು ದಿನ ಅರ್ಧ, ಒಂದು ದಿನ ಬಿಡು. ಮಾತು ಅದೇ, ಅಕ್ಷರವೂ ಅದೇ. ದಿನದ ಲೆಕ್ಕಕ್ಕೆ ಮುಕ್ಕಾಲು ಮಾತ್ರೆ ಸಿಗಬೇಕಾದವನಿಗೆ ಕಾಲು ಸಿಕ್ಕಿತ್ತು.

"ಹದಿನೈದು ದಿನಕ್ಕೇ ಬಾ ಅಂದಿದ್ದೆನಲ್ಲ?" ಎಂದಳು. ಆ ಹೊತ್ತಿನಲ್ಲೂ ಎದುರಿನವರ ತಪ್ಪನ್ನೇ ಹುಡುಕಿತ್ತು ಬಾಯಿ.

"ಶಾಲೆ ಬೆಂಚುಗಳ ಕೆಲಸ ಬಂದಿತ್ತು ಅಕ್ಕ. ಮುಗಿಸಿ ಹೋಗೋಣ ಅಂದ್ರು. ವಸಡಿನ ರಕ್ತಾನೂ ನಿಂತಿತ್ತು..."

ಗಾಲಿಕುರ್ಚಿ ಬಂತು. ಎಕೋ ಕೋಣೆಯಲ್ಲಿ ಡಾಕ್ಟರು ತಾವೇ ಕೂತು ಎದೆಯ ಮೇಲೆ ಜೆಲ್ಲು ಸವರಿ ನೋಡಿದರು. ಪರದೆಯಲ್ಲಿ ಎಲ್ಲರಿಗೂ ಕಂಡಿತು. ಕವಾಟಕ್ಕೆ ಎರಡು ಕದ. ಒಂದು ಕದ ತೆರೆದು ಮುಚ್ಚುತ್ತಿತ್ತು, ಇನ್ನೊಂದು ಅಲುಗಾಡದೆ ನಿಂತಿತ್ತು. ಬಡಗಿ ಕತ್ತು ತಿರುಗಿಸಿ ಅದನ್ನೇ ನೋಡಿದ. "ಕೀಲು ಹಿಡ್ಕೊಂಡಿದೆ," ಎಂದ. ಅವನಿಗೆ ಬಾಗಿಲಿನ ರೋಗ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಡಾಕ್ಟರು ಒಳ್ಳೆಯವರೇ, ಆದರೆ ಆ ಗಳಿಗೆಯಲ್ಲಿ ಸಿಟ್ಟು ನೆತ್ತಿಗೇರಿತ್ತು. ಕ್ಯಾಲೆಂಡರು ನೋಡಿ ಹೆಂಡತಿಯ ಕಡೆ ತಿರುಗಿದರು. "ಯಾರಮ್ಮ ಹೀಗೆ ಕೊಡೋಕೆ ಹೇಳಿದ್ದು? ಎದೆಯೊಳಗೆ ಕಬ್ಬಿಣ ಇಟ್ಕೊಂಡಿರೋ ಮನುಷ್ಯನಿಗೆ ದಿನ ಬಿಟ್ಟು ಮಾತ್ರೆ ಕೊಡ್ತಾರಾ? ಹೇಳೋದನ್ನ ಸರಿಯಾಗಿ ಕೇಳಿಸ್ಕೊಳ್ಳೋಕೇನು ಧಾಡಿ ನಿಮಗೆ?"

ಬಡಗಿಯ ಹೆಂಡತಿ ತೆಳು ಸಿಸ್ಟರನ್ನು ನೋಡಿದಳು. ಒಂದೇ ಒಂದು ಸಲ. ಆಮೇಲೆ ತಲೆ ತಗ್ಗಿಸಿ, "ನಂದೇ ತಪ್ಪು ಡಾಕ್ಟ್ರೆ. ನಾನೇ ತಪ್ಪು ಕೇಳಿಸ್ಕೊಂಡೆ," ಎಂದಳು.

ಅಲ್ಲಿ ತೆಳು ಸಿಸ್ಟರ್ ಒಂದು ಮಾತು ಆಡಬೇಕಿತ್ತು. ಊರಿಗೆಲ್ಲ ಬೈಯುವ ಬಾಯಿ, ತನ್ನ ಸರದಿ ಬಂದಾಗ ಹೊಲಿದ ಹಾಗೆ ಮುಚ್ಚಿಕೊಂಡಿತು.

ದಾರಿ ಎರಡಿತ್ತು. ಎದೆ ಮತ್ತೆ ಸೀಳಿ ಕವಾಟ ಬದಲಿಸುವುದು. ನೀರು ತುಂಬಿಕೊಂಡ ಈ ಶ್ವಾಸಕೋಶ ಅದನ್ನು ತಡೆಯುವುದು ಕಷ್ಟ. ಇಲ್ಲವೇ ಹೆಪ್ಪು ಕರಗಿಸುವ ಔಷಧಿಯನ್ನು ನರದೊಳಗೆ ನಿಧಾನವಾಗಿ, ಒಂದು ಹಗಲು ಒಂದು ರಾತ್ರಿ ಇಳಿಸುವುದು. ಡಾಕ್ಟರು ಈಗ ದನಿ ತಗ್ಗಿಸಿ ಹೇಳಿದರು, "ಕರಗುವಾಗ ಒಂದು ಚೂರು ಕಿತ್ಕೊಂಡು ತಲೆಗೆ ಹೋಗಬಹುದಮ್ಮ. ಹೋದ್ರೆ ಕೈಕಾಲು ಬೀಳಬಹುದು. ಇದನ್ನ ಮುಚ್ಚಿಡೋಕಾಗಲ್ಲ." ಬಡಗಿಯ ಹೆಂಡತಿ ಕಂದು ಬೆರಳಲ್ಲಿ ಪೆನ್ನು ಹಿಡಿದು ರುಜು ಹಾಕಿದಳು. ಬಡಗಿ ತಾನೂ ಹಾಕುತ್ತೇನೆಂದು ಪೆನ್ನು ಕೇಳಿ ಇಸಿದುಕೊಂಡ.

ಅವನನ್ನು ಮೇಲಿನ ಐಸಿಯುಗೆ ಸಾಗಿಸಿದ ಮೇಲೆ ತೆಳು ಸಿಸ್ಟರ್ ತನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ಮೊದಲು ಮಾಡಿದ ಕೆಲಸ, ರಿಜಿಸ್ಟರು ತೆಗೆದದ್ದು. ಆ ತಾರೀಕು, ಬಡಗಿಯ ನಂಬರು, ಅವಳದೇ ಗುಂಡು ಅಕ್ಷರ: "ಒಂದು, ಅರ್ಧ, ಸರದಿಯಂತೆ. ಫೋನಿನಲ್ಲಿ ತಿಳಿಸಲಾಗಿದೆ." ಬರೆದದ್ದರಲ್ಲಿ ಒಂದು ಕೊಂಬು, ಒಂದು ದೀರ್ಘ ತಪ್ಪಿರಲಿಲ್ಲ. ಯಾರು ಬಂದು ತನಿಖೆ ಮಾಡಿದರೂ ಅವಳು ಬಚಾವು. ಅಬ್ಬ ಎಂದು ಉಸಿರು ಬಿಟ್ಟಳು, ಬಿಟ್ಟ ಮರುಗಳಿಗೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಆದರೂ ಮನಸ್ಸು ವಾದಕ್ಕೆ ನಿಂತಿತು. ಇಷ್ಟು ಸರಳ ಮಾತು ಯಾರಿಗೆ ತಿಳಿಯುವುದಿಲ್ಲ? ಹೊರಗೆ ಬಂದು ಲಿಫ್ಟಿನವನನ್ನು ಹಿಡಿದಳು.

"ಏನಪ್ಪ, ನಿನಗೆ ದಿನಾ ಒಂದು ಮಾತ್ರೆ ಇತ್ತು ಅಂತ ಇಟ್ಕೋ. ಇನ್ಮೇಲೆ ದಿನ ಬಿಟ್ಟು ದಿನ ಅರ್ಧ ಅಂದ್ರೆ ಹೇಗೆ ತಗೋತೀಯ?"

"ಇವತ್ತು ಅರ್ಧ, ನಾಳೆ ಇಲ್ಲ, ನಾಡಿದ್ದು ಅರ್ಧ," ಎಂದ ಅವನು, ಇದೆಂಥ ಪ್ರಶ್ನೆ ಎಂಬಂತೆ.

ನೆಲ ಒರೆಸುತ್ತಿದ್ದ ಆಯಾ ಬಗ್ಗಿದಲ್ಲಿಂದಲೇ, "ಅಷ್ಟೇ ಮತ್ತೆ. ದಿನ ಬಿಟ್ಟು ಅಂದ್ರೆ ಬಿಡಬೇಕಲ್ಲ," ಎಂದಳು. ಕ್ಯಾಂಟೀನಿನವನೂ ಅದನ್ನೇ ಹೇಳಿದ. ಔಷಧಿ ಅಂಗಡಿಯವನೊಬ್ಬ ಮಾತ್ರ, "ಒಂದಿನ ಒಂದು, ಒಂದಿನ ಅರ್ಧ. ಯಾಕೆ ಸಿಸ್ಟರ್, ನೀವೇ ಹೇಳಿಕೊಟ್ಟಿದ್ದಲ್ವಾ?" ಎಂದು ನಕ್ಕ. ಅವಳ ಕೋಣೆಯ ಸುತ್ತಮುತ್ತ ಇಪ್ಪತ್ತು ಹೆಜ್ಜೆಯವರೆಗೆ ಮಾತ್ರ ನಡೆಯುವ ನಾಣ್ಯ ಅದು. ಅದನ್ನು ಅವಳು ಊರೆಲ್ಲ ಹಂಚಿದ್ದಳು.

ಹಾಗಾದರೆ ಉಳಿದವರು? ಓಡೋಡಿ ಬಂದು ರಿಜಿಸ್ಟರು ತಿರುವಿದಳು. ಮೂರು ತಿಂಗಳಲ್ಲಿ "ಒಂದು, ಅರ್ಧ" ಎಂದು ಬರೆಸಿಕೊಂಡವರು ಹನ್ನೊಂದು ಜನ. ಬಡಗಿಯನ್ನು ಬಿಟ್ಟರೆ ಹತ್ತು. ಆ ದಿನದ ಅರವತ್ತು ಫೋನುಗಳನ್ನು ಪಕ್ಕದ ಕೋಣೆಯ ನರ್ಸಿಗೆ ಒಪ್ಪಿಸಿ ಇವರಿಗೆ ಒಬ್ಬೊಬ್ಬರಿಗೇ ಮಾಡತೊಡಗಿದಳು. ಏಳು ಜನ ಸರಿಯಾಗಿಯೇ ನುಂಗುತ್ತಿದ್ದರು. ಎಂಟನೆಯವರು ನಿವೃತ್ತ ಮೇಷ್ಟ್ರು, "ಬೆಸ ತಾರೀಕಿಗೆ ಪೂರ್ತಿ, ಸಮ ತಾರೀಕಿಗೆ ಅರ್ಧ" ಎಂದು ಪಾಠ ಒಪ್ಪಿಸಿದರು. ಒಂಬತ್ತನೆಯದು ಒಬ್ಬ ಅಜ್ಜಿ.

"ಒಂದಿನ ಅರ್ಧ ಕಣಮ್ಮ, ಒಂದಿನ ಉಪವಾಸ," ಎಂದಿತು ಅಜ್ಜಿ ಸಂಭ್ರಮದಿಂದ. "ಎಷ್ಟು ಆರಾಮಾಗಿದೆ ಗೊತ್ತಾ? ಗುಣ ಆಗ್ತಾ ಬಂತು ಅಂತ ತಾನೇ ಕಮ್ಮಿ ಮಾಡಿದ್ದು?"

"ಅಜ್ಜಿ, ಈಗಲೇ ಹೊರಡಿ. ಮೊಮ್ಮಗಳನ್ನ ಕರ್ಕೊಂಡು ಈಗಲೇ ಬನ್ನಿ," ಎಂದಳು ತೆಳು ಸಿಸ್ಟರ್. ಅಜ್ಜಿ ಆಟೋದಲ್ಲಿ ಬಂದು ಇಳಿಯುವವರೆಗೆ ಗೇಟಿನಲ್ಲೇ ನಿಂತಿದ್ದಳು. ನಂಬರು ಒಂದೂವರೆ, ಕವಾಟದ ಸದ್ದು ಮಾತ್ರ ಗಟ್ಟಿಯಾಗಿತ್ತು. ಹತ್ತನೆಯವನು ಬೇರೆ ಊರಿಗೆ ಹೋಗಿದ್ದ, ಸರಿಯಾಗಿಯೇ ನುಂಗುತ್ತಿದ್ದ. ಅಜ್ಜಿಗೆ ರಕ್ತ ತೆಳುವಾಗಿಸುವ ಇಂಜೆಕ್ಷನ್ನು ಹೊಟ್ಟೆಗೆ ಕೊಟ್ಟು ವಾರ್ಡಿಗೆ ಸೇರಿಸಿದ್ದಾಯಿತು. ಯಾಕೆ ಏನು ಎಂದು ಡಾಕ್ಟರು ಕೇಳಲಿಲ್ಲ, ಇವಳೂ ಹೇಳಲಿಲ್ಲ. ಬಡಗಿ ಚೇತರಿಸಿಕೊಳ್ಳಲಿ, ಎಲ್ಲ ಒಟ್ಟಿಗೇ ಹೇಳಿಬಿಡುತ್ತೇನೆ ಎಂದುಕೊಂಡಳು. ಅವನು ಎದ್ದು ಕೂತರೆ ಹೇಳುವುದೂ ಸುಲಭ, ಕೇಳಿಸಿಕೊಳ್ಳುವುದೂ ಸುಲಭ.

ಸಂಜೆ ಮನೆಗೆ ಹೋಗುವ ಮುಂಚೆ ಐಸಿಯುಗೆ ಹೋದಳು. ಬಡಗಿಯ ತೋಳಿಗೆ ಔಷಧಿ ಹನಿಹನಿಯಾಗಿ ಇಳಿಯುತ್ತಿತ್ತು. ಇವಳನ್ನು ಕಂಡು ಕಣ್ಣಗಲಿಸಿ, ಪಕ್ಕದಲ್ಲಿದ್ದ ಹೆಂಡತಿಯನ್ನು ತೋರಿಸಿ, "ಇವಳನ್ನ ಬೈಬೇಡಿ ಸಿಸ್ಟರ್," ಎಂದ. "ಬೆಳಗ್ಗೆಯಿಂದ ಅಳ್ತಾನೇ ಇದ್ದಾಳೆ. ನಾನೇ ಸಾಯಿಸ್ದೆ ಅಂತಾಳೆ. ನಾನಿನ್ನೂ ಸತ್ತೇ ಇಲ್ಲ!"

"ಮಾತಾಡಬೇಡಿ, ಮಲಗಿ," ಎಂದಳು ಅವಳು. ಅದನ್ನು ಮೆತ್ತಗೆ ಹೇಳಬೇಕೆಂದು ಬಾಯಿ ತೆರೆದಿದ್ದಳು. ಅದೂ ಗದರಿಕೆಯಾಗಿಯೇ ಬಂತು.

ಮಾರನೇ ದಿನ ಏಳು ಗಂಟೆಗೇ ಬಂದಳು. ಐಸಿಯು ಬಾಗಿಲಲ್ಲೇ ಎಕೋ ಮಾಡುವವನು ಸಿಕ್ಕಿ, "ಸಿಸ್ಟರ್, ಎರಡು ಕದಾನೂ ಆಡ್ತಿವೆ! ಫಸ್ಟ್ ಕ್ಲಾಸ್!" ಎಂದ. ಅವಳು ಅವನ ಕೈ ಹಿಡಿದು ಕುಲುಕಿಯೇಬಿಟ್ಟಳು. ಬದುಕಿದೆಯಾ ಬಡಜೀವವೇ ಎಂದು ಒಳಗೆ ಕಾಲಿಟ್ಟರೆ, ಹಾಸಿಗೆಯ ಸುತ್ತ ಮೂವರು ನಿಂತಿದ್ದರು. ಡಾಕ್ಟರು ಬಡಗಿಯ ಬಲಗೈ ಎತ್ತಿ ಬಿಟ್ಟರು. ಅದು ಹಾಸಿಗೆಯ ಮೇಲೆ ಬಿತ್ತು. ಮತ್ತೆ ಎತ್ತಿ ಬಿಟ್ಟರು. ಬಡಗಿಯ ಬಾಯಿ ಒಂದು ಕಡೆ ಜಗ್ಗಿತ್ತು. ಏನೋ ಹೇಳಲು ಒದ್ದಾಡುತ್ತಿದ್ದ, ಬಾಯಿಂದ ಮಾತಾಗದ ದನಿಯೊಂದೇ ಹೊರಡುತ್ತಿತ್ತು. ಹಿಂದಿನ ದಿನ ಡಾಕ್ಟರು ಮುಚ್ಚಿಡದೆ ಹೇಳಿದ್ದ ಆ ಚೂರು, ಎಕೋ ಮುಗಿದ ಬೆನ್ನಿಗೇ ತಲೆಗೆ ಹೋಗಿತ್ತು.

ಹೆಂಡತಿ ಅವನ ಎದೆಗೆ ಕಿವಿ ಇಟ್ಟು ಎದ್ದಳು. ಕಣ್ಣಲ್ಲಿ ನೀರಿರಲಿಲ್ಲ. "ಎದೆ ಮಾತಾಡ್ತಿದೆ ಅಕ್ಕ," ಎಂದಳು. "ಚೆನ್ನಾಗಿ ಮಾತಾಡ್ತಿದೆ. ಬಾಯಿ ನಿಂತ್ಹೋಯ್ತು."

ತಲೆಯ ಸ್ಕ್ಯಾನಿಗೆ ಅವನನ್ನು ಒಯ್ದರು. ಹೊರಗಿನ ಪಡಸಾಲೆಯಲ್ಲಿ ಡಾಕ್ಟರು ಗೋಡೆಗೆ ಫೈಲು ಒತ್ತಿಕೊಂಡು ಬರೆಯತೊಡಗಿದರು. ತೆಳು ಸಿಸ್ಟರ್ ಪಕ್ಕದಲ್ಲಿ ನಿಂತು ಓದಿದಳು. ಕಾರಣ ಎಂಬಲ್ಲಿ, ರೋಗಿಯ ಮನೆಯವರು ಸೂಚನೆಯಂತೆ ಮಾತ್ರೆ ಕೊಟ್ಟಿಲ್ಲ, ಎಂದಿತ್ತು.

"ಸರ್, ಅದನ್ನ ಹೊಡೆದುಹಾಕಿ. ಸೂಚನೆನೇ ತಪ್ಪು. ದಿನ ಬಿಟ್ಟು ದಿನ ಅರ್ಧ ಅಂತ ಫೋನಲ್ಲಿ ಹೇಳಿದ್ದು ನಾನು. ಉಳಿದ ದಿನ ಪೂರ್ತಿ ಅಂತ ಹೇಳಲೇ ಇಲ್ಲ. ನಿನ್ನೆ ಬಂದ ಅಜ್ಜಿಯದೂ ಇದೇ ಕಥೆ."

ಡಾಕ್ಟರು ಅವಳ ಮುಖವನ್ನೇ ನೋಡಿದರು. "ರಿಜಿಸ್ಟರ್ ಸರಿ ಇದೆ ಸಿಸ್ಟರ್, ನಾನು ನಿನ್ನೇನೇ ನೋಡ್ದೆ. ಸುಮ್ಮನೆ ಯಾಕೆ ಮೈಮೇಲೆ ಎಳ್ಕೋತೀರಿ?"

"ರಿಜಿಸ್ಟರನ್ನ ಅವರು ಓದಲ್ಲ ಸರ್. ಅವರಿಗೆ ತಲುಪೋದು ನನ್ನ ಬಾಯಿ ಒಂದೇ."

ಅವರು ಆ ಸಾಲಿನ ಮೇಲೆ ಗೆರೆ ಎಳೆದು, ಮಧ್ಯಾಹ್ನ ತಮ್ಮ ಕೋಣೆಗೆ ಬಂದು ಎಲ್ಲ ಬರೆದುಕೊಡಿ ಎಂದು ಹೇಳಿ ಹೋದರು. ಅವಳಿಗೆ ಭಯವಾಗಲಿಲ್ಲ. ಕಷ್ಟದ ಕೆಲಸ ಇನ್ನೂ ಮುಂದಿತ್ತು.

ಬಡಗಿಯ ಹೆಂಡತಿ ಸ್ಕ್ಯಾನ್ ಕೋಣೆಯ ಎದುರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಸುತ್ತ ಹತ್ತು ಹನ್ನೆರಡು ಜನ ಕಾಯುತ್ತಿದ್ದರು. ತೆಳು ಸಿಸ್ಟರ್ ಪಕ್ಕದ ಕುರ್ಚಿಯಲ್ಲಿ ಕೂತಳು. ಕೂತು ಮಾತಾಡಿ ಅವಳಿಗೆ ಅಭ್ಯಾಸವೇ ಇರಲಿಲ್ಲ.

"ನಿನ್ನ ತಪ್ಪಲ್ಲ ಕಣಮ್ಮ. ನಾನು ಹೇಳಿದ ರೀತಿನೇ ತಪ್ಪು. ನೀನು ಕೇಳಿಸ್ಕೊಂಡಿದ್ದು ಸರಿಯಾಗೇ ಇದೆ. ಡಾಕ್ಟ್ರಿಗೂ ಹೇಳಿದೀನಿ, ಫೈಲಲ್ಲಿ ತಿದ್ದಿದಾರೆ."

ಅಳುತ್ತಾಳೆ, ಇಲ್ಲವೇ ಶಪಿಸುತ್ತಾಳೆ, ಎರಡಕ್ಕೂ ಅವಳು ತಯಾರಾಗಿಯೇ ಬಂದಿದ್ದಳು. ಬಡಗಿಯ ಹೆಂಡತಿ ಎರಡನ್ನೂ ಮಾಡಲಿಲ್ಲ. ಕಂದು ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತ, ಮುಚ್ಚಿದ ಬಾಗಿಲನ್ನೇ ನೋಡುತ್ತ ಹೇಳಿದಳು:

"ನನಗೆ ಅವತ್ತೇ ಅನುಮಾನ ಬಂದಿತ್ತು ಅಕ್ಕ. ಮಧ್ಯದ ದಿನ ಏನೂ ಬೇಡ್ವಾ ಅಂತ. ಇವರೂ ಅದನ್ನೇ ಅಂದ್ರು, ಒಂದು ಮಾತು ಕೇಳಿಬಿಡು ಅಂತ. ಮಾರನೇ ದಿನ ಫೋನ್ ಮಾಡ್ದೆ. ನೀವೇ ಎತ್ತಿದ್ರಿ. 'ಯಾರು, ಏನು, ಬೇಗ ಹೇಳಿ' ಅಂದ್ರಿ. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಎಷ್ಟು ಸಲ ಹೇಳಬೇಕು ಅಂತ ಎಲ್ಲಿ ಬೈತೀರೋ ಅಂತ... ಇಟ್ಬಿಟ್ಟೆ."

ಅಂಥ ಫೋನು ತೆಳು ಸಿಸ್ಟರಿಗೆ ದಿನಕ್ಕೆ ಎರಡಾದರೂ ಬರುತ್ತಿತ್ತು. ಎತ್ತಿದರೆ ಉಸಿರು ಕೇಳಿಸುತ್ತದೆ, ಆಮೇಲೆ ಕಡಿದುಹೋಗುತ್ತದೆ. ಕೆಲಸವಿಲ್ಲದ ಮುಂಡೇವು ಎಂದು ಬೈದುಕೊಂಡು ಮುಂದಿನ ನಂಬರು ಒತ್ತುತ್ತಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಅಂಥವು ಎಷ್ಟು? ಒಂದೇ ಒಂದು ಮಾತು ಕೇಳಿದ್ದರೆ ಈ ಮನುಷ್ಯ ಇವತ್ತು ಶಾಲೆಯ ಬೆಂಚಿಗೆ ಮೊಳೆ ಹೊಡೆಯುತ್ತಿದ್ದ. ದುಃಖ ಒತ್ತರಿಸಿಕೊಂಡು ಬಂತು. ಆದರೆ ಆ ಬಾಯಿಗೆ ದುಃಖ ಹೊರಗೆ ಹಾಕುವ ದಾರಿ ಒಂದೇ ಗೊತ್ತಿದ್ದದ್ದು.

"ಇನ್ನೊಂದು ಸಲ ಮಾಡೋಕೆ ಏನಾಗಿತ್ತು ನಿನಗೆ?"

ಪಡಸಾಲೆಯ ಜನರೆಲ್ಲ ತಿರುಗಿ ನೋಡಿದರು.

ಬಡಗಿಯ ಹೆಂಡತಿ ಥಟ್ಟನೆ ಕುರ್ಚಿಯಿಂದ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡು, ಅವಳ ಮುಂದೆ ಎರಡೂ ಕೈ ಜೋಡಿಸಿ, "ತಪ್ಪಾಯ್ತು ಅಕ್ಕ," ಎಂದಳು.